ಕ್ರಿಕೆಟನ್ನು ವೃತ್ತಿಯಾಗಿ ಕೈಗೊಳ್ಳುವ ಹೆಣ್ಣುಮಕ್ಕಳಿಗೆ

2023ನೆಯ ಇಸವಿಯ ಫೆಬ್ರವರಿ 13ರಂದು ಮುಂಬಯಿಯಲ್ಲಿ ನಡೆದ ಮಹಿಳಾ ಪ್ರೀಮಿಯರ್ ಲೀಗಿನ ಪ್ರಥಮ ಹರಾಜಿನಲ್ಲಿ ಸ್ಮೃತಿ ಮಂಧಾನ ಅವರನ್ನು ಬೆಂಗಳೂರಿನ ತಂಡವು 3 ಕೋಟಿ 40 ಲಕ್ಷ ರೂಪಾಯಿಗೆ ಪಡೆದುಕೊಂಡ ವಾರ್ತೆಯು ದೇಶದಲ್ಲೆಲ್ಲ ಹಬ್ಬಿತು. ಅದೇ ದಿನ, ಅದೇ ತಂಡವು, ಇಪ್ಪತ್ತು ವರ್ಷ ವಯಸ್ಸಿನ ಆಫ್‌ಸ್ಪಿನ್ ಬೌಲರ್ ಶ್ರೇಯಾಂಕಾ ಪಾಟೀಲ್ ಅವರನ್ನು 10 ಲಕ್ಷ ರೂಪಾಯಿಗೆ, ಎಂದರೆ ಆ ಹರಾಜಿಗೆ ನಿಗದಿಯಾಗಿದ್ದ ಕನಿಷ್ಠತಮ ಮೂಲಬೆಲೆಗೆ, ಸೇರಿಸಿಕೊಂಡ ಸಂಗತಿಯನ್ನು ಗಮನಿಸಿದವರು ವಿರಳ. ಹದಿಮೂರು ತಿಂಗಳುಗಳು ಕಳೆದು 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಲೀಗಿನ ಎರಡನೆಯ ವರ್ಷದ ಅಂತಿಮ ಪಂದ್ಯ ನಡೆದಾಗ, ಕೇವಲ 12 ರನ್ ಕೊಟ್ಟು ನಾಲ್ಕು ವಿಕೆಟ್ ಕಿತ್ತು ಬೆಂಗಳೂರಿಗೆ ಮೊದಲ ಪ್ರಶಸ್ತಿಯನ್ನು ತಂದುಕೊಡುವುದರಲ್ಲಿ ಪ್ರಧಾನ ಪಾತ್ರ ವಹಿಸಿದವರೂ, ಒಟ್ಟು 13 ವಿಕೆಟುಗಳೊಡನೆ, ಅತ್ಯಧಿಕ ವಿಕೆಟ್ ಪಡೆದವರಿಗೆ ಸಲ್ಲುವ ಆ ವರ್ಷದ ನೇರಳೆ ಟೋಪಿಗೆ ಅಧಿಕಾರಿಣಿಯಾದವರೂ ಈ ಹತ್ತು ಲಕ್ಷದ ಬೌಲರೇ ಆಗಿದ್ದರು.

ಈ ಎರಡು ದಿನಾಂಕಗಳ ನಡುವೆ ನಡೆದುದೇನೆಂಬುದನ್ನು ವಿಚಾರಿಸಿದರೆ, ಕ್ರಿಕೆಟನ್ನು ಜೀವನವೃತ್ತಿಯಾಗಿ ಆರಿಸಿಕೊಳ್ಳಬೇಕೆಂದಿರುವ ಹುಡುಗಿಯರಿಗೂ ಅವರ ತಂದೆತಾಯಿಗಳಿಗೂ ತಿಳಿದಿರಬೇಕಾದ ಬಹುಪಾಲು ವಿಷಯ ಅಲ್ಲಿಯೇ ದೊರೆಯುತ್ತದೆ. ಲೀಗಿನ ಮೊದಲ ವರ್ಷದಲ್ಲಿ ಬೆಂಗಳೂರು ತಂಡವು ಸತತವಾಗಿ ಮೊದಲ ಐದು ಪಂದ್ಯಗಳನ್ನು ಸೋತಿತು; ಆದರೆ ಸೋಲುವ ತಂಡದಲ್ಲಿಯೂ ಶ್ರೇಯಾಂಕಾ ಅವರಿಗೆ ಬೌಲ್ ಮಾಡುವ ಅವಕಾಶ ದೊರೆಯಿತು. ಅದೇ ವರ್ಷದ ಜೂನಿನಲ್ಲಿ ಹಾಂಗ್‌ಕಾಂಗಿನಲ್ಲಿ ಉದಯೋನ್ಮುಖ ತಂಡಗಳ ಏಷ್ಯಾ ಕಪ್ ನಡೆದಾಗ, ಮಳೆಯಿಂದ ಹಲವು ಪಂದ್ಯಗಳು ರದ್ದಾದರೂ, ಆಡಲು ಸಿಕ್ಕ ಅಲ್ಪಾವಕಾಶದಲ್ಲಿಯೇ ಅವರು ಆತಿಥೇಯರ ವಿರುದ್ಧ 2 ರನ್ನಿಗೆ 5 ವಿಕೆಟನ್ನೂ, ಬಾಂಗ್ಲಾದೇಶದ ವಿರುದ್ಧ ಅಂತಿಮ ಪಂದ್ಯದಲ್ಲಿ 13 ರನ್ನಿಗೆ 4 ವಿಕೆಟನ್ನೂ ಪಡೆದರು. ತರುವಾಯ ಗಯಾನಾದ ತಂಡವು ಅವರನ್ನು ಕರೆಸಿಕೊಂಡುದರಿಂದ, ಮಹಿಳೆಯರ ಕೆರಿಬಿಯನ್ ಲೀಗಿನಲ್ಲಿ ಆಡಲು ಒಪ್ಪಂದ ಪಡೆದ ಪ್ರಥಮ ಭಾರತೀಯ ಆಟಗಾರ್ತಿ ಎಂಬ ಕೀರ್ತಿಯೂ ಅವರದಾಯಿತು. ಆ ವರ್ಷದ ಡಿಸೆಂಬರಿನಲ್ಲಿ, ಮುಂಬಯಿಯ ವಾಂಖೆಡೆ ಮೈದಾನದಲ್ಲಿ, ಇಂಗ್ಲೆಂಡಿನ ವಿರುದ್ಧ ಟಿ20 ಪಂದ್ಯದಲ್ಲಿಯೂ ಆಸ್ಟ್ರೇಲಿಯದ ವಿರುದ್ಧ ಏಕದಿನ ಪಂದ್ಯದಲ್ಲಿಯೂ ಅವರು ಭಾರತದ ಪರವಾಗಿ ಪದಾರ್ಪಣ ಮಾಡಿದರು.

ಇದರಿಂದ ಸಿದ್ಧವಾಗುವ ಸೂತ್ರ ಒಂದೇ: ವೃತ್ತಿಯ ಆರಂಭಕಾಲದಲ್ಲಿ ಎಣಿಸಬೇಕಾದುದು ಬಂದ ಹಣವನ್ನಲ್ಲ, ಆಡಲು ಸಿಕ್ಕ ಪಂದ್ಯಗಳನ್ನು. ಶಿಬಿರವನ್ನಾರಿಸುವಾಗ, ಕ್ಲಬ್ಬನ್ನು ಸೇರುವಾಗ, ಒಪ್ಪಂದಕ್ಕೆ ರುಜು ಹಾಕುವಾಗ, ಗಾಯವಾದ ಮೇಲೆ ಮರಳಿ ಮೈದಾನಕ್ಕಿಳಿಯುವ ದಿನವನ್ನು ಗೊತ್ತುಮಾಡುವಾಗ, ಈ ಒಂದು ಅಳತೆಗೋಲನ್ನು ಕೈಬಿಡದಿದ್ದರೆ ಅನೇಕ ಸಂಶಯಗಳು ತಾವಾಗಿಯೇ ಪರಿಹಾರವಾಗುವುವು.

ಆಟ ಹಳೆಯದು, ವೃತ್ತಿ ಹೊಸದು

ನಮ್ಮ ದೇಶದಲ್ಲಿ ಸ್ತ್ರೀಯರು ಕ್ರಿಕೆಟ್ ಆಡುವುದು ಹೊಸ ಸಂಗತಿಯೇನೂ ಅಲ್ಲ. ಅದು ಜೀವನೋಪಾಯವಾದುದು ಮಾತ್ರ ತೀರ ಈಚೆಗೆ. 1973ರಲ್ಲಿ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯು ಸ್ಥಾಪಿತವಾಗಿ, 1976ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ವೆಸ್ಟ್ ಇಂಡೀಸಿನ ವಿರುದ್ಧ ಪ್ರಥಮ ಟೆಸ್ಟ್ ಪಂದ್ಯ ನಡೆದಾಗ ಭಾರತದ ನಾಯಕಿಯಾಗಿದ್ದವರು ಶಾಂತಾ ರಂಗಸ್ವಾಮಿ. ಅದೇ ವರ್ಷ ಅರ್ಜುನ ಪ್ರಶಸ್ತಿ ಪಡೆದು, ಮರುವರ್ಷ ನ್ಯೂಜಿಲೆಂಡಿನ ಡನೆಡಿನ್ನಿನಲ್ಲಿ ಭಾರತೀಯ ಮಹಿಳೆಯೊಬ್ಬಳ ಪ್ರಥಮ ಟೆಸ್ಟ್ ಶತಕವನ್ನು ಗಳಿಸಿದ ಆ ಮಹಾನ್ ಆಟಗಾರ್ತಿಯೂ ಸಹ ಹೊಟ್ಟೆಪಾಡಿಗೆ ಬ್ಯಾಂಕಿನ ಉದ್ಯೋಗವನ್ನೇ ನಂಬಬೇಕಾಗಿತ್ತು. ಕಾಯ್ದಿರಿಸದ ರೈಲುಡಬ್ಬಿಗಳಲ್ಲಿ ಪಯಣಿಸಿ ಸಾಮೂಹಿಕ ವಸತಿಗಳ ನೆಲದ ಮೇಲೆ ಮಲಗಿದ ಆ ಪೀಳಿಗೆಯ ಕಷ್ಟಗಳನ್ನು ಅವರೇ ಹಲವೆಡೆ ಹೇಳಿಕೊಂಡಿರುವರು.

2006ರಲ್ಲಿ ಮಹಿಳಾ ಕ್ರಿಕೆಟಿನ ಆಡಳಿತವು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಗೆ ಸೇರಿತು. 2015ರಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ವಾರ್ಷಿಕ ಒಪ್ಪಂದಗಳು ದೊರೆತವು. 2022ರ ಅಕ್ಟೋಬರಿನಲ್ಲಿ ಪಂದ್ಯಶುಲ್ಕದಲ್ಲಿ ಸ್ತ್ರೀ ಪುರುಷ ಭೇದವನ್ನು ತೊಡೆದುಹಾಕಿ, ಟೆಸ್ಟಿಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ20 ಪಂದ್ಯಕ್ಕೆ 3 ಲಕ್ಷ ರೂಪಾಯಿಗಳೆಂದು ಮಂಡಳಿಯು ಘೋಷಿಸಿತು. ಮರುವರ್ಷ ಲೀಗ್ ಪ್ರಾರಂಭವಾಯಿತು. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಭಾರತವು ಏಕದಿನ ವಿಶ್ವಕಪ್ಪನ್ನು ಗೆದ್ದುಕೊಂಡಿತು. ಈಗ ಹದಿನಾಲ್ಕರ ವಯಸ್ಸಿನಲ್ಲಿರುವ ಹುಡುಗಿಯು ಪ್ರವೇಶಿಸಲಿರುವ ಕ್ಷೇತ್ರವು ಅವಳ ತಾಯಿಯ ಕಾಲದಲ್ಲಿ ಇರಲೇ ಇಲ್ಲವಾದುದರಿಂದ, ಮನೆಯ ಹಿರಿಯರು ಸ್ವಾನುಭವದಿಂದ ಹೇಳಬಲ್ಲುದು ಅಲ್ಪ. ಮಾರ್ಗವನ್ನು ವಿಚಾರಿಸಿಯೇ ತಿಳಿಯಬೇಕು.

ಪ್ರವೇಶದ ಕ್ರಮ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ತನ್ನ ಆಡಳಿತವನ್ನು ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು ಎಂಬ ವಲಯಗಳಾಗಿ ವಿಂಗಡಿಸಿಕೊಂಡಿದೆ. ಹುಡುಗಿಯು ಮೊದಲು ಮಾಡತಕ್ಕದ್ದು, ತನ್ನ ಊರು ಯಾವ ವಲಯಕ್ಕೆ ಸೇರಿದುದೆಂದು ತಿಳಿದು, ಆ ವಲಯದ ಸಂಚಾಲಕರನ್ನು ಕಂಡು, ಬಾಲಿಕೆಯರ ಆಯ್ಕೆಯ ಪರೀಕ್ಷೆಗಳು ಯಾವ ತಿಂಗಳಲ್ಲಿ ನಡೆಯುವುವೆಂಬುದನ್ನು ಗುರುತು ಹಾಕಿಕೊಳ್ಳುವುದು. ರಾಜ್ಯಮಟ್ಟದಲ್ಲಿ 15 ವರ್ಷದೊಳಗಿನವರು, 19 ವರ್ಷದೊಳಗಿನವರು, 23 ವರ್ಷದೊಳಗಿನವರು, ಹಿರಿಯರು ಎಂಬ ನಾಲ್ಕು ಶ್ರೇಣಿಗಳಿವೆ. ಅಲ್ಲಿಂದ ಮೇಲಕ್ಕೆ ರಾಷ್ಟ್ರಮಟ್ಟದ ಅಂತರ್ವಲಯ ಪಂದ್ಯಗಳು, ಚಾಲೆಂಜರ್ ಪಂದ್ಯಾವಳಿ, ಭಾರತ ‘ಎ’ ತಂಡ, ಲೀಗಿನ ಹರಾಜು ಇವು ತೆರೆದುಕೊಳ್ಳುತ್ತವೆ. 2025ರಿಂದ ರಾಜ್ಯ ಸಂಸ್ಥೆಯು ಮಹಾರಾಣಿ ಟ್ರೋಫಿ ಎಂಬ ಟಿ20 ಪಂದ್ಯಾವಳಿಯನ್ನೂ ಆರಂಭಿಸಿರುವುದರಿಂದ, ರಾಜ್ಯತಂಡದ ಹದಿನೈದು ಮಂದಿಯಲ್ಲಿ ಸ್ಥಾನ ದೊರೆಯದವರಿಗೂ ತಮ್ಮ ಆಟವನ್ನು ಬಲ್ಲವರ ಕಣ್ಣಿಗೆ ಬೀಳಿಸುವ ಅವಕಾಶವೊಂದು ಏರ್ಪಟ್ಟಿದೆ.

ಬೆಂಗಳೂರಿನಿಂದ ದೂರದಲ್ಲಿರುವುದು ಅನನುಕೂಲವೇ ಹೊರತು ಅಸಾಧ್ಯತೆಯಲ್ಲ. ಭಾರತದ ಪರವಾಗಿ ಆಡಿದವರಲ್ಲಿ ವೇದಾ ಕೃಷ್ಣಮೂರ್ತಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು. ರಾಜೇಶ್ವರಿ ಗಾಯಕವಾಡ ವಿಜಯಪುರದವರು. ಶುಭಾ ಸತೀಶ್ ಮೈಸೂರಿನವರು. ಆದರೆ ತರಬೇತಿಗಾಗಿ ಊರು ಬಿಡುವ ನಿರ್ಧಾರವನ್ನು ಆತುರದಿಂದ ಕೈಗೊಳ್ಳಕೂಡದು. ಯಾವ ಶಿಬಿರವನ್ನೇ ಆಗಲಿ ನೋಡಲು ಹೋದಾಗ, ಅಲ್ಲಿಯ ನೆಟ್ಟುಗಳ ಸಂಖ್ಯೆಯನ್ನೂ ಗೋಡೆಯ ಮೇಲಿನ ಭಾವಚಿತ್ರಗಳನ್ನೂ ಕಂಡು ಮರುಳಾಗದೆ, ‘ಕಳೆದ ವರ್ಷ ನಿಮ್ಮ ಹುಡುಗಿಯರು ಎಷ್ಟು ಪಂದ್ಯಗಳನ್ನಾಡಿದರು?’ ಎಂಬ ಪ್ರಶ್ನೆಯೊಂದನ್ನು ಕೇಳಬೇಕು. ವರ್ಷವಿಡೀ ನೆಟ್ಟಿನಲ್ಲಿ ಬೆವರು ಸುರಿಸಿ ಪಂದ್ಯವೇ ಇಲ್ಲದಿರುವ ಶಿಬಿರಕ್ಕಿಂತ, ವಾರಕ್ಕೊಂದು ಪಂದ್ಯವನ್ನು ಏರ್ಪಡಿಸುವ ಸಣ್ಣ ಕ್ಲಬ್ಬು ಎಷ್ಟೋ ಮೇಲು. ಹುಡುಗಿಯರ ತಂಡ ಹತ್ತಿರದಲ್ಲಿಲ್ಲವಾದರೆ ಹುಡುಗರೊಡನೆ ಆಡುವುದರಲ್ಲಿ ಸಂಕೋಚವೇನೂ ಬೇಡ. ವೇಗವಾಗಿ ಬರುವ ಚೆಂಡಿಗೆ ಕಣ್ಣು ಕೈಗಳನ್ನು ಒಗ್ಗಿಸುವುದಕ್ಕೆ ಅದಕ್ಕಿಂತ ಸುಲಭವಾದ ಉಪಾಯವಿಲ್ಲ.

ಇಲ್ಲಿಯೇ ಎಚ್ಚರಿಕೆಯ ಮಾತೊಂದುಂಟು. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಇವುಗಳಲ್ಲಿ ಹೆಸರಿನ ಅಕ್ಷರಗಳೂ ಜನ್ಮದಿನಾಂಕವೂ ಏಕರೂಪವಾಗಿರುವಂತೆ ಮೊದಲೇ ನೋಡಿಕೊಳ್ಳಬೇಕು. ಕಿರಿಯರ ಶ್ರೇಣಿಯಲ್ಲಿ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸನ್ನು ನಿರ್ಣಯಿಸುವ ಪದ್ಧತಿಯು ಜಾರಿಯಲ್ಲಿದೆ. ಸುಳ್ಳು ದಾಖಲೆ ಕೊಟ್ಟವರಿಗೆ ಎರಡು ವರ್ಷಗಳ ನಿಷೇಧವನ್ನು ವಿಧಿಸುವುದಾಗಿ ಮಂಡಳಿಯು 2020ರಲ್ಲಿಯೇ ಪ್ರಕಟಿಸಿತು. ಒಂದು ವರ್ಷದ ವಯಸ್ಸನ್ನು ಕದಿಯಲು ಹೋಗಿ ಎರಡು ವರ್ಷಗಳ ಪಂದ್ಯಗಳನ್ನು ಕಳೆದುಕೊಳ್ಳುವುದು ಅವಿವೇಕದ ಲೆಕ್ಕಾಚಾರ.

ಅಭ್ಯಾಸದಲ್ಲಿ ಲಕ್ಷ್ಯವಿಡಬೇಕಾದುವು

ಮಹಿಳೆಯರ ಪಂದ್ಯಕ್ಕೆ ವಿಹಿತವಾದ ಚೆಂಡಿನ ತೂಕ 140ರಿಂದ 151 ಗ್ರಾಮು. ಪುರುಷರ ಚೆಂಡು ಸುಮಾರು 156ರಿಂದ 163 ಗ್ರಾಮು ತೂಗುತ್ತದೆ. ಈ ಅಂತರವು ಅಲ್ಪವೆಂದು ತೋರಿದರೂ, ಬೌಲರಿನ ಬೆರಳುಗಳಿಗೆ ಅದು ಅಲ್ಪವಲ್ಲ. ಹುಡುಗರ ಚೆಂಡಿನಲ್ಲಿಯೇ ಸದಾ ಅಭ್ಯಾಸ ಮಾಡಿದ ಸ್ಪಿನ್ನರು ಪಂದ್ಯದ ದಿನ ಹಗುರವಾದ ಚೆಂಡನ್ನು ಹಿಡಿದಾಗ ಉದ್ದಳತೆ ತಪ್ಪುವುದು ಸಹಜವಾದುದರಿಂದ, ಪಂದ್ಯದಲ್ಲಿ ಬಳಸುವ ತೂಕದ ಚೆಂಡನ್ನೇ ಅಭ್ಯಾಸಕ್ಕೂ ತರಿಸಿಕೊಳ್ಳಬೇಕು. ಮಹಿಳೆಯರ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಬೌಂಡರಿಯು ಪಿಚ್ಚಿನ ಮಧ್ಯದಿಂದ 60ರಿಂದ 70 ಗಜಗಳ ದೂರದಲ್ಲಿರುತ್ತದೆ. ಬ್ಯಾಟು ಬೀಸುವವರು ಆ ದೂರವನ್ನು ಗುರುತುಮಾಡಿಟ್ಟುಕೊಂಡು, ತಮ್ಮ ಎತ್ತರದ ಹೊಡೆತವು ಅದನ್ನು ನಿಜವಾಗಿಯೂ ದಾಟುವುದೋ ಇಲ್ಲವೋ ಎಂಬುದನ್ನು ಭ್ರಮೆಯಿಲ್ಲದೆ ಪರೀಕ್ಷಿಸಿಕೊಳ್ಳುವುದು ಒಳಿತು.

ಹದಿನಾರು ವರ್ಷ ತುಂಬುವ ಹೊತ್ತಿಗೆ ಒಂದು ವಿದ್ಯೆಯಲ್ಲಿ ಪ್ರಾವೀಣ್ಯವೂ ಇನ್ನೊಂದರಲ್ಲಿ ಪ್ರಯೋಜನಕ್ಕೆ ಬರುವಷ್ಟು ಪರಿಶ್ರಮವೂ ಇರಬೇಕು. ಆಯ್ಕೆಗಾರರು ಹನ್ನೊಂದನೆಯ ಹೆಸರನ್ನು ಬರೆಯುವಾಗ, ಸಮಾನ ಯೋಗ್ಯತೆಯ ಇಬ್ಬರು ಬೌಲರುಗಳಲ್ಲಿ, ಎಂಟನೆಯ ಕ್ರಮಾಂಕದಲ್ಲಿ ಬಂದು ಹದಿನೈದು ರನ್ ಹೊಡೆಯಬಲ್ಲವಳನ್ನೇ ಆರಿಸುವರು. ಇವೆರಡಕ್ಕೂ ಮಿಗಿಲಾಗಿ ಕ್ಷೇತ್ರರಕ್ಷಣೆಯುಂಟು. ಬ್ಯಾಟಿಗೂ ಚೆಂಡಿಗೂ ಒಳ್ಳೆಯ ದಿನ ಕೆಟ್ಟ ದಿನಗಳೆಂಬುವು ಇವೆ. ಓಡುವುದಕ್ಕೂ ಬಾಗುವುದಕ್ಕೂ ನೇರವಾಗಿ ಎಸೆಯುವುದಕ್ಕೂ ಅಂತಹ ನೆಪಗಳಿಲ್ಲ. ದಿನದ ಅಭ್ಯಾಸದ ಮೂರನೆಯ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟವಳು ಆಡುವ ಹನ್ನೊಂದರ ಹೊರಗೆ ಬಹುಕಾಲ ಉಳಿಯಲಾರಳು.

ಪ್ರತಿಯೊಬ್ಬಳೂ ದಿನಚರಿಯ ಪುಸ್ತಕವೊಂದನ್ನು ಇಟ್ಟುಕೊಳ್ಳತಕ್ಕದ್ದು. ಆಡಿದ ಪಂದ್ಯ, ಎದುರಿಸಿದ ಚೆಂಡುಗಳು, ಔಟಾದ ಬಗೆ, ಹಾಕಿದ ಓವರುಗಳು, ನಿದ್ರೆಯ ಗಂಟೆಗಳು, ಎಲ್ಲಿಯಾದರೂ ನೋವಿದ್ದರೆ ಅದರ ಸ್ಥಾನ ಇಷ್ಟನ್ನು ಪ್ರತಿರಾತ್ರಿ ಬರೆದಿಡುವುದಕ್ಕೆ ಐದು ನಿಮಿಷ ಸಾಕು. ಆರು ತಿಂಗಳ ಮೇಲೆ ಅದನ್ನು ತಿರುವಿಹಾಕಿದರೆ, ಯಾವ ಚೆಂಡಿಗೆ ತಾನು ಪದೇ ಪದೇ ಬಲಿಯಾಗುತ್ತಿರುವೆನೆಂಬುದು ಗುರುವಿಗಿಂತ ಮೊದಲು ಶಿಷ್ಯೆಗೇ ಹೊಳೆಯುವುದು.

ಶರೀರವೇ ಬಂಡವಾಳ

ಹೆಣ್ಣುಮಕ್ಕಳಲ್ಲಿ ಮೊಣಕಾಲಿನ ಒಳಗಣ ಅಸ್ಥಿಬಂಧವು ಹರಿಯುವ ಸಂಭವವು ಗಂಡುಮಕ್ಕಳಿಗಿಂತ ಅಧಿಕವೆಂಬುದು ಕ್ರೀಡಾವೈದ್ಯರೆಲ್ಲರೂ ಒಪ್ಪಿರುವ ಮಾತು. ಜಿಗಿದು ನೆಲಕ್ಕಿಳಿಯುವ ಕ್ರಮ, ಓಡುತ್ತಿರುವಾಗ ಥಟ್ಟನೆ ದಿಕ್ಕು ಬದಲಿಸುವ ಕ್ರಮ, ತೊಡೆಯ ಹಿಂಭಾಗದ ಮತ್ತು ಸೊಂಟದ ಸ್ನಾಯುಗಳ ಬಲವರ್ಧನೆ ಇವುಗಳನ್ನು ವಾರಕ್ಕೆ ಎರಡು ಮೂರು ಬಾರಿ ಬಲ್ಲವರ ಮೇಲ್ವಿಚಾರಣೆಯಲ್ಲಿ ಅಭ್ಯಾಸ ಮಾಡಿದರೆ ಆ ಅಪಾಯವು ಗಣನೀಯವಾಗಿ ತಗ್ಗುವುದು. ಭಾರ ಎತ್ತಿದರೆ ಹುಡುಗಿಯ ಮೈಕಟ್ಟು ಕೆಡುವುದೆಂಬ ಭಯವು ನಿರಾಧಾರವಾದುದು. ಭಾರ ಎತ್ತದಿದ್ದರೆ ಮೊಣಕಾಲು ಕೆಡುವ ಭಯವೇ ಸಕಾರಣವಾದುದು. ವೇಗದ ಬೌಲರುಗಳಾದ ಕಿಶೋರಿಯರನ್ನು ಬೆಳಗ್ಗೆ ಶಾಲೆಯ ಪಂದ್ಯಕ್ಕೂ ಸಂಜೆ ಕ್ಲಬ್ಬಿನ ನೆಟ್ಟಿಗೂ ದುಡಿಸುವ ಪದ್ಧತಿಯನ್ನು ನಿಲ್ಲಿಸಬೇಕು. ಬೆನ್ನಿನ ಮೂಳೆಗೆ ಬೀಳುವ ಬಿರುಕು ಒಂದು ಋತುವನ್ನೇ ನುಂಗಿಬಿಡುತ್ತದೆ.

ಆಹಾರದ ವಿಷಯದಲ್ಲಿಯೂ ಎರಡು ಮಾತು. ದಿನಕ್ಕೆ ನಾಲ್ಕು ಗಂಟೆ ಮೈದಾನದಲ್ಲಿರುವ ಹುಡುಗಿಯು ಮನೆಯ ಇತರರಂತೆ ಉಂಡರೆ ಸಾಲದು. ಮೊಟ್ಟೆ, ಹಾಲು, ಬೇಳೆ, ಮೊಳಕೆಕಾಳು, ಸೊಪ್ಪು, ರಾಗಿ ಇವು ಧಾರಾಳವಾಗಿರಬೇಕು. ದೇಹಕ್ಕೆ ವ್ಯಯವಾಗುವಷ್ಟು ಆಹಾರ ಒದಗದಿದ್ದಾಗ ಮಾಸಿಕ ಋತುಸ್ರಾವವು ಏರುಪೇರಾಗುವುದು ಅಥವಾ ನಿಂತುಹೋಗುವುದು ಉಂಟು. ಅದು ಕಠಿಣ ಅಭ್ಯಾಸದ ಹೆಗ್ಗುರುತಲ್ಲ, ಮೂಳೆಗಳು ದುರ್ಬಲವಾಗುತ್ತಿರುವುದರ ಮುನ್ಸೂಚನೆ. ತಾಯಿಯೊಡನೆ, ತರಬೇತಿ ಕೊಡುವವರೊಡನೆ, ವೈದ್ಯರೊಡನೆ ಈ ವಿಷಯವನ್ನು ನಾಚಿಕೆಯಿಲ್ಲದೆ ಮಾತನಾಡುವ ವಾತಾವರಣ ಇರಬೇಕು. ರಕ್ತದಲ್ಲಿ ಕಬ್ಬಿಣದ ಅಂಶವನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳುವುದು ಅವಶ್ಯ.

2019ರಿಂದ ನಮ್ಮ ಕ್ರಿಕೆಟ್ ಆಟಗಾರರು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ ಪರೀಕ್ಷೆಗೆ ಒಳಪಟ್ಟಿರುವರು. ಸಾಮಾನ್ಯ ಕೆಮ್ಮಿನ ಔಷಧಗಳಲ್ಲಿರುವ ದ್ರವ್ಯವೊಂದರ ದೆಸೆಯಿಂದಲೇ ಭಾರತ ತಂಡದ ತರುಣ ಆಟಗಾರರೊಬ್ಬರು ಅದೇ ವರ್ಷ ಎಂಟು ತಿಂಗಳು ಅಮಾನತಿನಲ್ಲಿರಬೇಕಾಯಿತೆಂಬುದನ್ನು ನೆನಪಿನಲ್ಲಿಟ್ಟು, ಯಾವ ಮಾತ್ರೆಯನ್ನೇ ಆಗಲಿ, ಪುಷ್ಟಿಯ ಪುಡಿಯನ್ನೇ ಆಗಲಿ, ತಂಡದ ವೈದ್ಯರಿಗೆ ತೋರಿಸದೆ ಸೇವಿಸಕೂಡದು.

ಹಣ, ಒಪ್ಪಂದ, ವಿದ್ಯಾಭ್ಯಾಸ

ದೇಶೀಯ ಪಂದ್ಯಗಳಲ್ಲಿ ಹಿರಿಯ ಮಹಿಳೆಯರಿಗೆ 2021ರಿಂದ ದಿನವೊಂದಕ್ಕೆ 20,000 ರೂಪಾಯಿ ದೊರೆಯುತ್ತಿದ್ದುದನ್ನು ಮಂಡಳಿಯು 2025ರ ಡಿಸೆಂಬರಿನಲ್ಲಿ 50,000ಕ್ಕೆ ಏರಿಸಿತು. ಟಿ20 ಪಂದ್ಯಕ್ಕೆ 25,000. ಆಡುವ ಹನ್ನೊಂದರ ಹೊರಗಿರುವವರಿಗೆ ಇದರ ಅರ್ಧ. ಆಡಿದವಳಿಗೂ ಕುಳಿತವಳಿಗೂ ಇರುವ ಅಂತರವು ಇಲ್ಲಿಯೂ ಸ್ಪಷ್ಟ. ಕೈಗೆ ಬರುವ ಹಣದಲ್ಲಿ ಮೂಲದಲ್ಲಿಯೇ ತೆರಿಗೆ ಕಡಿತವಾಗಿರುತ್ತದೆಯಾದುದರಿಂದ, ಪ್ಯಾನ್ ಸಂಖ್ಯೆಯನ್ನೂ ಸ್ವಂತ ಹೆಸರಿನ ಬ್ಯಾಂಕ್ ಖಾತೆಯನ್ನೂ ಮೊದಲ ವರ್ಷವೇ ಮಾಡಿಸಿ, ಪ್ರತಿವರ್ಷ ತೆರಿಗೆಯ ವಿವರಪತ್ರವನ್ನು ಸಲ್ಲಿಸಬೇಕು. ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ನಮ್ಮ ಕಾನೂನಿನಲ್ಲಿ ಊರ್ಜಿತವಿಲ್ಲ. ಆ ವಯಸ್ಸಿನೊಳಗೆ ಬ್ಯಾಟು, ಪಾದರಕ್ಷೆಗಳ ಕಂಪನಿಯವರಾಗಲಿ, ‘ವ್ಯವಸ್ಥಾಪಕ’ರೆಂದು ಹೇಳಿಕೊಳ್ಳುವವರಾಗಲಿ ಕಾಗದವನ್ನು ಮುಂದಿಟ್ಟರೆ, ತಂದೆತಾಯಿಗಳು ಅದನ್ನು ವಕೀಲರೊಬ್ಬರಿಗೆ ತೋರಿಸದೆ ರುಜು ಹಾಕಬಾರದು. ಎಷ್ಟು ವರ್ಷಗಳ ಕಟ್ಟುಪಾಡು, ಗಳಿಕೆಯಲ್ಲಿ ಎಷ್ಟು ಪಾಲು, ಬಿಡುವ ಮಾರ್ಗ ಯಾವುದು ಈ ಮೂರು ಅಂಶಗಳು ಬರಹದಲ್ಲಿ ಸ್ಪಷ್ಟವಾಗಿರಬೇಕು.

ವಿದ್ಯಾಭ್ಯಾಸವನ್ನು ನಿಲ್ಲಿಸಲೇಬೇಕೆಂಬ ಅನಿವಾರ್ಯವಿಲ್ಲ. ರೈಲ್ವೆ ಇಲಾಖೆಯು ಬಹುಕಾಲದಿಂದ ಆಟಗಾರ್ತಿಯರಿಗೆ ಉದ್ಯೋಗವನ್ನು ಕೊಟ್ಟು, ಅವರ ಬಲದಿಂದಲೇ ದೇಶೀಯ ಪ್ರಶಸ್ತಿಗಳ ಬಹುಭಾಗವನ್ನು ಗೆದ್ದುಕೊಂಡುಬಂದಿದೆ. ವೇದಾ ಕೃಷ್ಣಮೂರ್ತಿಯವರೂ ಕೆಲವು ವರ್ಷ ಆ ತಂಡದಲ್ಲಿ ಆಡಿದರು. ಅಂತಹ ಉದ್ಯೋಗಕ್ಕೂ ಓದಿನ ಅರ್ಹತೆ ಬೇಕು. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಗಳ ತಿಂಗಳಲ್ಲಿ ಅಭ್ಯಾಸವನ್ನು ಮಿತಗೊಳಿಸಿ, ಉಳಿದ ಕಾಲದಲ್ಲಿ ಹಾಜರಿಯ ರಿಯಾಯಿತಿಗಾಗಿ ಸಂಸ್ಥೆಯ ಪತ್ರವನ್ನು ಶಾಲೆಗೆ ಮುಂಚಿತವಾಗಿಯೇ ಸಲ್ಲಿಸುವುದು ವಿವೇಕ.

ರಕ್ಷಣೆಯ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಹುಡುಗಿಯರ ಪ್ರವಾಸಕ್ಕೆ ಮಹಿಳಾ ವ್ಯವಸ್ಥಾಪಕಿಯಿರುವರೆ, ಉಡುಪು ಬದಲಿಸುವ ಪ್ರತ್ಯೇಕ ಕೊಠಡಿಯುಂಟೆ, ದೂರನ್ನು ಕೇಳುವವರು ಯಾರು ಎಂಬುದನ್ನು ಸೇರುವ ದಿನವೇ ಕೇಳಿ ತಿಳಿದುಕೊಳ್ಳಬೇಕು. ಹದಿನೆಂಟರೊಳಗಿನವರಿಗೆ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯಿದೆಯ ರಕ್ಷಣೆಯುಂಟು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ತಂಡದಲ್ಲಿ ಸ್ಥಾನ ಹೋದೀತೆಂಬ ಭಯದಿಂದ ಹುಡುಗಿಯು ಮೌನವಾಗಿರಬೇಕಾದ ಶಿಬಿರವು ಎಷ್ಟೇ ಪ್ರಸಿದ್ಧವಾಗಿರಲಿ, ಅದನ್ನು ಅಂದೇ ಬಿಡಬೇಕು.

ಗಾಯ ಮತ್ತು ನಿರೀಕ್ಷಣೆ

ವೃತ್ತಿಯ ಮೊದಲ ವರ್ಷಗಳಲ್ಲಿ ಆಟಗಾರ್ತಿಯನ್ನು ಹೆಚ್ಚು ಪರೀಕ್ಷಿಸುವುದು ಸೋಲಲ್ಲ, ಕಾಯುವಿಕೆ. 2023ರ ಡಿಸೆಂಬರಿನ ಹರಾಜಿನಲ್ಲಿ ಬೆಂಗಳೂರಿನ ವೃಂದಾ ದಿನೇಶ್ ಅವರಿಗೆ ಉತ್ತರ ಪ್ರದೇಶದ ತಂಡವು 1 ಕೋಟಿ 30 ಲಕ್ಷ ರೂಪಾಯಿ ಕೊಟ್ಟಿತು. ಲೀಗ್ ಆರಂಭವಾದ ಕೆಲವೇ ಪಂದ್ಯಗಳಲ್ಲಿ ಭುಜಕ್ಕೆ ಪೆಟ್ಟಾಗಿ ಅವರು ಹಿಂದೆ ಸರಿಯಬೇಕಾಯಿತು. ಶ್ರೇಯಾಂಕಾ ಅವರಿಗೂ ವಿಧಿಯು ವಿನಾಯಿತಿ ತೋರಲಿಲ್ಲ: ನೇರಳೆ ಟೋಪಿ ಧರಿಸಿದ ನಾಲ್ಕು ತಿಂಗಳಿಗೆ, ಶ್ರೀಲಂಕೆಯ ದಂಬುಲ್ಲದಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ ಎಡಗೈ ಬೆರಳು ಮುರಿಯಿತು, ಮುಂದೆ ಬೇರೆ ಗಾಯಗಳೂ ಸೇರಿ 2025ರ ಲೀಗ್ ಸಂಪೂರ್ಣವಾಗಿ ತಪ್ಪಿಹೋಯಿತು. ಹತ್ತು ಲಕ್ಷಕ್ಕೂ ಕೋಟಿಗೂ ಗಾಯವು ಭೇದವೆಣಿಸುವುದಿಲ್ಲ. ಅಂತಹ ಕಾಲದಲ್ಲಿ ನೋವನ್ನು ಮರೆಮಾಚಿ ಬೇಗನೆ ಮರಳುವುದು ಧೈರ್ಯವಲ್ಲ. ಗುಣವಾದ ಮೇಲೆ ಮೊದಲು ಕ್ಲಬ್ ಪಂದ್ಯ, ಬಳಿಕ ರಾಜ್ಯದ ಪಂದ್ಯ, ಆಮೇಲೆ ಲೀಗು ಎಂಬ ಕ್ರಮವನ್ನು ಪಾಲಿಸುವುದೇ ಜಾಣತನ.

ಗಾಯವಿಲ್ಲದೆಯೂ ಕಾಯಬೇಕಾದ ಸಂದರ್ಭಗಳುಂಟು. 2017ರ ವಿಶ್ವಕಪ್ಪಿನಲ್ಲಿ ರಾಜೇಶ್ವರಿ ಗಾಯಕವಾಡ ಅವರು ವಾರಗಟ್ಟಲೆ ತಂಡದ ಹೊರಗೆ ಕುಳಿತಿದ್ದರು. ಸೆಮಿಫೈನಲ್ ಪ್ರವೇಶಕ್ಕೆ ಗೆಲ್ಲಲೇಬೇಕಾಗಿದ್ದ ಪಂದ್ಯದಲ್ಲಿ, ಡರ್ಬಿಯ ಮೈದಾನದಲ್ಲಿ, ನ್ಯೂಜಿಲೆಂಡಿನ ವಿರುದ್ಧ ಅವರಿಗೆ ಆ ಪಂದ್ಯಾವಳಿಯ ಮೊದಲ ಅವಕಾಶ ಸಿಕ್ಕಿತು. 15 ರನ್ನಿಗೆ 5 ವಿಕೆಟ್ ಪಡೆದರು, ಎದುರಾಳಿಗಳು 79ಕ್ಕೆ ಕುಸಿದರು. ಹೊರಗೆ ಕುಳಿತ ದಿನಗಳಲ್ಲಿಯೂ ನಾಳೆಯೇ ಆಡುವವಳಂತೆ ಅಭ್ಯಾಸ ಮಾಡಿದವಳಿಗಲ್ಲದೆ ಅಂತಹ ಸಿದ್ಧಿ ಸಾಧ್ಯವಿಲ್ಲ. ವೇದಾ 2011ರಲ್ಲಿ ಹದಿನೆಂಟರ ವಯಸ್ಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಏಕದಿನ ಪಂದ್ಯದಲ್ಲಿಯೇ 51 ರನ್ ಗಳಿಸಿದುದೂ, ಶುಭಾ ಸತೀಶ್ 2023ರಲ್ಲಿ ಅದೇ ಇಂಗ್ಲೆಂಡಿನ ವಿರುದ್ಧ ಮೊದಲ ಟೆಸ್ಟಿನಲ್ಲಿಯೇ 69 ರನ್ ಗಳಿಸಿದುದೂ ಇಂತಹ ಸನ್ನದ್ಧತೆಯ ಫಲಗಳೇ. 2025ರ ಫೆಬ್ರವರಿಯಲ್ಲಿ ಕೌಲಾಲಂಪುರದಲ್ಲಿ 19 ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದ ಭಾರತದ ನಾಯಕಿ, ಕರ್ನಾಟಕದ ನಿಕಿ ಪ್ರಸಾದ್, ಲೀಗಿಗೆ ಪ್ರವೇಶಿಸಿದುದೂ ಅದೇ ಹತ್ತು ಲಕ್ಷದ ಮೂಲಬೆಲೆಗೆ. ದೆಹಲಿಯ ಪರ ತಮ್ಮ ಮೊದಲ ಪಂದ್ಯದಲ್ಲಿ ಅವರು 35 ರನ್ ಗಳಿಸಿ ತಂಡದ ಗೆಲುವಿಗೆ ನೆರವಾದರು.

ಆದುದರಿಂದ ತಂದೆತಾಯಿಗಳಲ್ಲಿ ವಿಜ್ಞಾಪಿಸಿಕೊಳ್ಳಬೇಕಾದುದಿಷ್ಟು: ಹದಿನಾರಕ್ಕೆ ರಾಜ್ಯತಂಡದಲ್ಲಿ ಹೆಸರು ಬರಲಿಲ್ಲವೆಂದು ಮಗಳ ಕೈಯಿಂದ ಬ್ಯಾಟನ್ನು ಕಸಿದುಕೊಳ್ಳಬೇಡಿರಿ, 23 ವರ್ಷದೊಳಗಿನವರ ಶ್ರೇಣಿಯು ಮುಗಿಯುವವರೆಗಾದರೂ, ಓದಿನ ಜೊತೆಯಲ್ಲಿ, ಅವಳಿಗೆ ಅವಕಾಶವನ್ನು ಕೊಡಿರಿ. ಹರಾಜಿನ ಸಂಜೆ ಅವಳ ಹೆಸರು ಕೂಗಲ್ಪಡುವುದೋ ಇಲ್ಲವೋ ಎಂಬುದು ನಿಮ್ಮ ಕೈಯಲ್ಲೂ ಇಲ್ಲ, ಅವಳ ಕೈಯಲ್ಲೂ ಇಲ್ಲ. ಮುಂದಿನ ಭಾನುವಾರ ಅವಳಿಗೊಂದು ಪಂದ್ಯ ದೊರೆಯುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.